ಕುಂಡದ ಮೆಣಸಿನ ಗಿಡ ಬಗ್ಗಿಸಿ ಕಟ್ಟೋದು ಹೇಗೆ: ಹಳೇ ಟೀ ಶರ್ಟ್, ನಾಲ್ಕು ಪೇಪರ್ ಕ್ಲಿಪ್ ಸಾಕು

ಕುಂಡದಲ್ಲಿ ಹಾಕಿದ ಮೆಣಸಿನ ಗಿಡ ಕೋಲಿನ ಹಾಗೆ ನೆಟ್ಟಗೆ ಎದ್ದು, ಮೇಲೆ ಮಾತ್ರ ಒಂದಿಷ್ಟು ಎಲೆ, ನಾಲ್ಕಾರು ಕಾಯಿ ಬಿಟ್ಟು ಸುಮ್ಮನಾಗಿಬಿಡುತ್ತದೆ ಅಲ್ವಾ? ಅದಕ್ಕೆ ಗೊಬ್ಬರ ಸುರಿಯಬೇಕಿಲ್ಲ. ಕತ್ತರಿಯೂ ಬೇಡ. ಗಿಡ ಎಳೆಯದಾಗಿರುವಾಗ ಮೆಲ್ಲಗೆ ಪಕ್ಕಕ್ಕೆ ಬಗ್ಗಿಸಿ ಕಟ್ಟಿದರೆ ಸಾಕು, ಬುಡದಿಂದಲೇ ಐದಾರು ಕವಲು ಎದ್ದು ಗಿಡ ಪೊದೆಯಾಗುತ್ತದೆ.

ಇದಕ್ಕೆ ಲೋ ಸ್ಟ್ರೆಸ್ ಟ್ರೈನಿಂಗ್, ಚಿಕ್ಕದಾಗಿ ಎಲ್‌ಎಸ್‌ಟಿ ಅಂತಾರೆ. ಗಿಡಕ್ಕೆ ಜಾಸ್ತಿ ನೋವು ಮಾಡದೆ ಪಳಗಿಸುವುದು ಅಂತಿಟ್ಟುಕೊಳ್ಳಿ. ಈ ಹೆಸರು ಗಾಂಜಾ ಬೆಳೆಯುವವರ ಬಾಯಲ್ಲಿ ಹೆಚ್ಚು ಓಡಾಡುತ್ತದೆ, ಆದರೆ ಕೆಲಸ ಏನೂ ಹೊಸದಲ್ಲ. ಯುರೋಪಿನಲ್ಲಿ ಸೇಬು, ಪಿಯರ್ ಮರಗಳ ಕೊಂಬೆಗಳನ್ನು ಗೋಡೆಗೆ ಅಡ್ಡಡ್ಡ ಕಟ್ಟಿ ಬೆಳೆಸುವುದು ನೂರಾರು ವರ್ಷಗಳಿಂದ ಇದೆ, ಅದಕ್ಕೆ ಎಸ್ಪಾಲಿಯರ್ ಅಂತ ಹೆಸರು. ಹಬ್ಬುವ ಗುಲಾಬಿಯ ಉದ್ದ ಬಳ್ಳಿಯನ್ನು ನೆಟ್ಟಗೆ ಬಿಟ್ಟರೆ ತುದಿಯಲ್ಲಿ ಮಾತ್ರ ಹೂ, ಅಡ್ಡ ಮಲಗಿಸಿ ಕಟ್ಟಿದರೆ ಉದ್ದಕ್ಕೂ ಗಿಣ್ಣು ಗಿಣ್ಣಿಗೆ ಹೂ. ಮೆಣಸಿನ ಗಿಡದಲ್ಲಿ ಮಾಡುವುದೂ ಇದನ್ನೇ, ಕುಂಡದ ಅಳತೆಗೆ ಇಳಿಸಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಎಲ್ಲರೂ ಹೆದರುವುದು ಬಗ್ಗಿಸುವಾಗ ಕಾಂಡ ಮುರಿದೀತು ಅಂತ. ನಾನು ಮುರಿದದ್ದು ಮೂರೋ ನಾಲ್ಕೋ ಗಿಡ. ಕಟ್ಟಿದ ದಾರ ಬಿಚ್ಚಲು ಮರೆತು ಕೆಡಿಸಿದ್ದು ಅದರ ಎರಡರಷ್ಟು. ಹಾಗಾಗಿ ಕೆಳಗೆ ಕಟ್ಟುವುದರ ಬಗ್ಗೆ ಎಷ್ಟು ಬರೆದಿದ್ದೇನೋ ಬಿಚ್ಚುವುದರ ಬಗ್ಗೆಯೂ ಅಷ್ಟೇ ಕೊರೆದಿದ್ದೇನೆ, ಸಹಿಸಿಕೊಳ್ಳಿ.

ಬಗ್ಗಿಸಿದರೆ ಕವಲು ಯಾಕೆ ಬರುತ್ತದೆ

ಪ್ರತಿ ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಕಂಕುಳಲ್ಲಿ ಒಂದು ಪುಟ್ಟ ಮೊಗ್ಗು ನಿದ್ದೆ ಮಾಡುತ್ತಿರುತ್ತದೆ. ಹೂವಿನ ಮೊಗ್ಗಲ್ಲ, ಕವಲಿನ ಮೊಗ್ಗು. ಅದನ್ನು ಏಳದಂತೆ ತಡೆಯುವುದು ತುದಿಯ ಕುಡಿ. ಕುಡಿಯಲ್ಲಿ ತಯಾರಾಗುವ ಆಕ್ಸಿನ್ ಅನ್ನುವ ಹಾರ್ಮೋನು ಕಾಂಡದಲ್ಲಿ ಕೆಳಗಿಳಿಯುತ್ತಾ ಈ ಮೊಗ್ಗುಗಳನ್ನು ಅದುಮಿಡುತ್ತದೆ. 1930ರ ದಶಕದಲ್ಲಿ ಕೆನೆತ್ ಥೀಮನ್ ಮತ್ತು ಫೋಲ್ಕ್ ಸ್ಕೂಗ್ ಎಂಬ ಇಬ್ಬರು ಸಸ್ಯವಿಜ್ಞಾನಿಗಳು ಫಾವಾ ಬೀನ್ ಗಿಡದ ಕುಡಿ ಕತ್ತರಿಸಿ, ಆ ಜಾಗಕ್ಕೆ ಆಕ್ಸಿನ್ ಹಚ್ಚಿ ನೋಡಿದರು. ಕುಡಿಯೇ ಇಲ್ಲದಿದ್ದರೂ ಪಕ್ಕದ ಮೊಗ್ಗು ಏಳಲಿಲ್ಲ. ಯಜಮಾನ ಊರಲ್ಲಿ ಇಲ್ಲದಿದ್ದರೂ ಅವನ ಚಪ್ಪಲಿ ಬಾಗಿಲಲ್ಲಿದ್ದರೆ ಮಕ್ಕಳು ಗಲಾಟೆ ಮಾಡಲ್ಲವಲ್ಲ, ಹಾಗೆ.

ಕಥೆ ಇಷ್ಟೇ ಸರಳವಲ್ಲ. 2014ರಲ್ಲಿ ಬಟಾಣಿ ಗಿಡದ ಮೇಲೆ ನಡೆದ ಸಂಶೋಧನೆಯಲ್ಲಿ ಸಕ್ಕರೆಯ ಪಾತ್ರ ಗೊತ್ತಾಯಿತು. ಕುಡಿ ಬೆಳೆಯುವ ಭರದಲ್ಲಿ ಗಿಡದ ಸಕ್ಕರೆಯನ್ನೆಲ್ಲ ತನ್ನ ಕಡೆ ಎಳೆದುಕೊಳ್ಳುತ್ತದೆ. ಕುಡಿ ತೆಗೆದ ಕೆಲವೇ ಗಂಟೆಗಳಲ್ಲಿ ಆ ಸಕ್ಕರೆ ಕೆಳಗಿನ ಮೊಗ್ಗುಗಳಿಗೆ ಸಿಗುತ್ತದೆ, ಅಲ್ಲಿ ಆಕ್ಸಿನ್ ಕಡಿಮೆಯಾಗುವ ಮೊದಲೇ ಮೊಗ್ಗು ಅಲುಗಾಡಲು ಶುರುಮಾಡುತ್ತದೆ.

ನಾವು ಕುಡಿ ಕತ್ತರಿಸುವುದಿಲ್ಲ. ಅದನ್ನು ಉಳಿದ ಮೊಗ್ಗುಗಳ ಮಟ್ಟಕ್ಕೋ ಅದಕ್ಕಿಂತ ಸ್ವಲ್ಪ ಕೆಳಕ್ಕೋ ಇಳಿಸುತ್ತೇವೆ. ಆಗ ಕುಡಿಯ ಜೋರು ತಗ್ಗುತ್ತದೆ, ಬಗ್ಗಿದ ಕಾಂಡದ ಮೇಲ್ಮೈಯಲ್ಲಿರುವ ಮೊಗ್ಗುಗಳಿಗೆ ನೇರ ಬಿಸಿಲು ಬೀಳುತ್ತದೆ, ಒಂದೊಂದೂ ತಾನೇ ಕುಡಿಯಾಗಲು ಹೊರಡುತ್ತದೆ. ಚಿವುಟಿದರೂ ಕವಲು ಬರುತ್ತದೆ, ನಿಜ. ಆದರೆ ಚಿವುಟಿದ ಗಿಡ ಗಾಯ ಮಾಯಿಸಿಕೊಂಡು ಮತ್ತೆ ಹೊರಡಲು ಒಂದಷ್ಟು ದಿನ ತೆಗೆದುಕೊಳ್ಳುತ್ತದೆ, ಬಗ್ಗಿಸಿದ ಗಿಡ ನಿಲ್ಲುವುದೇ ಇಲ್ಲ. ಬೇಡ ಅನಿಸಿದರೆ ದಾರ ಬಿಚ್ಚಬಹುದು. ಚಿವುಟಿದ್ದನ್ನು ವಾಪಸ್ ಅಂಟಿಸಲು ಆಗುತ್ತಾ?

ಯಾವಾಗ ಶುರು ಮಾಡಬೇಕು

ಮೆಣಸಿನ ಗಿಡಕ್ಕೆ ಅದರದೇ ಒಂದು ನಡೆ ಇದೆ. ಮೊದಲು ಒಂದೇ ಕಾಂಡವಾಗಿ ಮೇಲೇಳುತ್ತದೆ. ಹತ್ತು ಹದಿನೈದು ಎಲೆ ಆಗುವ ಹೊತ್ತಿಗೆ ತುದಿಯಲ್ಲಿ ಮೊದಲ ಹೂ ಮೊಗ್ಗು ಕಟ್ಟಿ, ಅಲ್ಲಿಂದ ಕವಣೆಯ ಹಾಗೆ ಎರಡಾಗಿ ಸೀಳುತ್ತದೆ. ಆಮೇಲೆ ಪ್ರತಿ ಕವಲೂ ಮತ್ತೆ ಎರಡು. ನಾವು ಹಿಡಿಯಬೇಕಾದ್ದು ಆ ಮೊದಲ ಸೀಳಿಗಿಂತ ಮುಂಚೆ. ಬೀಜದೆಲೆ ಬಿಟ್ಟು ಆರರಿಂದ ಎಂಟು ಎಲೆ ಇರಬೇಕು, ಎತ್ತರ 15ರಿಂದ 20 ಸೆಂಟಿಮೀಟರ್, ಕಾಂಡ ಪೆನ್ಸಿಲ್‌ಗಿಂತ ತೆಳ್ಳಗೆ, ಇನ್ನೂ ಹಸಿರಾಗಿ ಬಳುಕುವಂತಿರಬೇಕು. ಬುಡ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದರೆ ಆ ಭಾಗವನ್ನು ಬಿಟ್ಟು ಮೇಲಿನ ಹಸಿರು ಭಾಗವನ್ನಷ್ಟೇ ಬಗ್ಗಿಸಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನೋ ಗಾದೆಯನ್ನು ಮಕ್ಕಳಿಗೆ ಹೇಳಿ ಹೇಳಿ ಸವೆಸಿದ್ದೇವೆ, ಗಿಡಕ್ಕೇ ಅನ್ವಯಿಸಿ ನೋಡಿದವರು ಕಡಿಮೆ.

ಸಸಿಯನ್ನು ಈಗಷ್ಟೇ ಹೊಸ ಕುಂಡಕ್ಕೆ ಹಾಕಿದ್ದರೆ ಒಂದು ವಾರ, ಹತ್ತು ದಿನ ಕಾಯಿರಿ. ಹೊಸ ಎಲೆ ಬಿಡಲು ಶುರುಮಾಡಿತು ಅಂದರೆ ಬೇರು ಹಿಡಿದಿದೆ ಅಂತ ಅರ್ಥ. ಎಲೆ ಮುರುಟಿಕೊಂಡಿದ್ದರೆ, ಹಳದಿಯಾಗಿದ್ದರೆ, ಎಲೆಯ ಅಡಿಯಲ್ಲಿ ಹುಳ ಓಡಾಡುತ್ತಿದ್ದರೆ ಮೊದಲು ಅದನ್ನು ಸರಿಮಾಡಿ. ಕಾಯಿಲೆ ಬಿದ್ದ ಗಿಡಕ್ಕೆ ವ್ಯಾಯಾಮ ಬೇಡ.

ದಿನದ ಹೊತ್ತೂ ಮುಖ್ಯ. ನನ್ನ ಮೊದಲ ಗಿಡ ಮುರಿದದ್ದು ಬೆಳಿಗ್ಗೆ, ನೀರು ಹಾಕಿದ ಮೇಲೆ. ತಂಪು ಹೊತ್ತು, ಗಿಡ ನಳನಳಿಸುತ್ತಿದೆ, ಇದೇ ಒಳ್ಳೆ ಸಮಯ ಅಂದುಕೊಂಡು ಕೈ ಹಾಕಿದೆ. ಪಟಕ್ಕನೆ ಹೋಯಿತು. ಆಮೇಲೆ ಗೊತ್ತಾಯಿತು, ಬೆಳಿಗ್ಗೆ ಜೀವಕೋಶಗಳಲ್ಲಿ ನೀರು ತುಂಬಿ ಕಾಂಡ ಗಾಳಿ ತುಂಬಿದ ಟ್ಯೂಬಿನಂತೆ ಬಿಗಿದಿರುತ್ತದೆ. ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ, ಬಿಸಿಲಿಗೆ ಒಂಚೂರು ಸಡಿಲವಾಗಿ, ಎಲೆ ಇನ್ನೂ ಜೋತು ಬೀಳದೆ ಇರುವಾಗ ಕಾಂಡ ಚೆನ್ನಾಗಿ ಬಳುಕುತ್ತದೆ. ಆಗ ಕಟ್ಟಿ, ಆಮೇಲೆ ನೀರು ಹಾಕಿ. ಈ ಕ್ರಮ ಉಲ್ಟಾ ಮಾಡಬೇಡಿ.

ಮನೆಯಲ್ಲಿ ಏನೇನು ಹುಡುಕಬೇಕು

ಹಳೇ ಟೀ ಶರ್ಟ್ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಒಂದೂವರೆ ಬೆರಳಗಲ, ಎರಡು ಗೇಣು ಉದ್ದದ ಪಟ್ಟಿಗಳಾಗಿ ಕತ್ತರಿಸಿ ಎಳೆದರೆ ಅಂಚು ಸುರುಳಿಯಾಗಿ ಮೆತ್ತನೆಯ ಹಗ್ಗ ಆಗುತ್ತದೆ. ಇದರ ದೊಡ್ಡ ಗುಣ ಅಂದರೆ ಹಿಗ್ಗುತ್ತದೆ. ಗಾಳಿಗೆ ಗಿಡ ಅಲ್ಲಾಡಿದರೂ ಕಾಂಡ ಕೊಯ್ಯುವುದಿಲ್ಲ. ಹರಿದ ಕಾಲುಚೀಲ, ಹಳೆ ಶೂ ಲೇಸ್ ಕೂಡ ನಡೆಯುತ್ತವೆ. ಪ್ಲಾಸ್ಟಿಕ್ ಹೊದಿಕೆ ಇರುವ ವೈರು, ಅಂದರೆ ಕೆಟ್ಟ ಚಾರ್ಜರ್‌ನದ್ದೋ ಇಯರ್‌ಫೋನ್‌ನದ್ದೋ, ಬಲು ಉಪಯೋಗ. ಹೊದಿಕೆ ಬಿಚ್ಚದೆ ಹಾಗೇ ಬಳಸಿ. ಗಂಟು ಹಾಕಬೇಕಿಲ್ಲ, ತುದಿ ತಿರುಚಿದರೆ ನಿಲ್ಲುತ್ತದೆ, ಬಿಚ್ಚುವುದೂ ಸುಲಭ.

ಪೇಪರ್ ಕ್ಲಿಪ್ ಬಿಡಿಸಿ ಹೇರ್‌ಪಿನ್ ಆಕಾರಕ್ಕೆ ಬಗ್ಗಿಸಿದರೆ ಮಣ್ಣಿಗೆ ಚುಚ್ಚುವ ಮೊಳೆಯಾಯಿತು. ದೊಡ್ಡ ಸೈಜಿನದ್ದೇ ಬೇಕು, ಸಣ್ಣದು ಸಡಿಲ ಮಣ್ಣಲ್ಲಿ ಎದ್ದು ಬರುತ್ತದೆ. ಕುಂಡದ ಅಂಚಿಗೆ ದಾರ ಸಿಕ್ಕಿಸಲು ಬೈಂಡರ್ ಕ್ಲಿಪ್ ಅಥವಾ ಬಟ್ಟೆ ಒಣಗಿಸುವ ಕ್ಲಿಪ್. ಪ್ಲಾಸ್ಟಿಕ್ ಕುಂಡವಾದರೆ ಕಾಯಿಸಿದ ಮೊಳೆಯಿಂದ ಅಂಚಿನ ಸುತ್ತ ಆರೆಂಟು ತೂತು ಮಾಡಿಕೊಂಡರೆ ಇನ್ನೂ ವಾಸಿ (ಇಕ್ಕಳದಲ್ಲಿ ಹಿಡಿದುಕೊಳ್ಳಿ, ಕಿಟಕಿ ತೆಗೆದಿಡಿ, ಆ ಹೊಗೆ ಒಳ್ಳೆಯದಲ್ಲ). ಮಣ್ಣಿನ ಕುಂಡಕ್ಕೆ ತೂತು ಬೇಡ, ಅಂಚಿನ ಕೆಳಗೆ ಸುತ್ತ ಒಂದು ಹಗ್ಗ ಬಿಗಿಯಾಗಿ ಕಟ್ಟಿ, ಉಳಿದ ದಾರಗಳನ್ನೆಲ್ಲ ಆ ಹಗ್ಗಕ್ಕೆ ಕಟ್ಟಿದರಾಯಿತು.

ಬೇಡದ್ದು ಮೂರು. ಬರಿಯ ತಂತಿ, ಹೊಲಿಗೆ ದಾರ ಅಥವಾ ನೈಲಾನ್ ದಾರ, ರಬ್ಬರ್ ಬ್ಯಾಂಡ್. ಮೊದಲಿನ ಎರಡೂ ಕಾಂಡಕ್ಕೆ ಚಾಕುವಿನ ಹಾಗೆ ಇಳಿಯುತ್ತವೆ. ರಬ್ಬರ್ ಬ್ಯಾಂಡ್ ಬಿಡದೆ ಒತ್ತುತ್ತಲೇ ಇರುತ್ತದೆ, ಬಿಸಿಲಿಗೆ ಅಂಟಂಟಾಗಿ ಒಂದು ದಿನ ತುಂಡಾಗುತ್ತದೆ, ಬಗ್ಗಿಸಿದ ಕೊಂಬೆ ಸಟ್ಟನೆ ಮೇಲೇಳುತ್ತದೆ. ನೈಲಾನ್ ಬಿಟ್ಟರೆ ಬೇರೆ ದಾರವೇ ಇಲ್ಲ ಅಂದರೆ ಸ್ಟ್ರಾ ಒಂದನ್ನು ಬೆರಳುದ್ದ ಕತ್ತರಿಸಿ, ದಾರವನ್ನು ಅದರೊಳಗೆ ತೂರಿಸಿ, ಕಾಂಡಕ್ಕೆ ಸ್ಟ್ರಾ ಮಾತ್ರ ತಾಗುವಂತೆ ಮಾಡಿ.

ಕಟ್ಟುವುದು

ಎಲ್ಲರೂ ಮರೆಯುವ ಹೆಜ್ಜೆಯಿಂದ ಶುರು ಮಾಡೋಣ, ಅದು ಬುಡದ ಕಟ್ಟು. ಗಿಡವನ್ನು ಬಲಕ್ಕೆ ಬಗ್ಗಿಸುತ್ತೀರಿ ಅಂದರೆ ಮೊದಲು ಬುಡವನ್ನು ಎಡಕ್ಕೆ ಹಿಡಿದಿಡಬೇಕು. ಮಣ್ಣಿನಿಂದ ಎರಡು ಮೂರು ಸೆಂಟಿಮೀಟರ್ ಮೇಲೆ ಕಾಂಡಕ್ಕೆ ಬಟ್ಟೆ ಪಟ್ಟಿ ಸುತ್ತಿ, ಎಡಗಡೆಯ ಅಂಚಿಗೆ ಎಳೆಯದೆ, ಸಡಿಲವೂ ಬಿಡದೆ ಕಟ್ಟಿ. ಇದಿಲ್ಲದಿದ್ದರೆ ನೀವು ತುದಿ ಎಳೆದಾಗ ಕಾಂಡ ಬಗ್ಗುವ ಬದಲು ಇಡೀ ಬೇರುಗಡ್ಡೆಯೇ ವಾಲುತ್ತದೆ, ಇನ್ನೊಂದು ಬದಿಯ ಸಣ್ಣ ಬೇರುಗಳು ಹರಿಯುತ್ತವೆ. ಮೇಲಿನಿಂದ ಏನೂ ಕಾಣಲ್ಲ. ಮೂರನೇ ದಿನ ಗಿಡ ಬಾಡಿದಾಗ ಯಾಕೆ ಅಂತ ತಲೆ ಕೆರೆದುಕೊಳ್ಳುತ್ತೀರಿ.

ಈಗ ಬಗ್ಗಿಸುವುದು. ಒಂದು ಕೈಯ ಹೆಬ್ಬೆರಳು, ತೋರುಬೆರಳಲ್ಲಿ ಕಾಂಡದ ನಡುಭಾಗ ಹಿಡಿಯಿರಿ, ಇನ್ನೊಂದು ಕೈ ಕುಡಿಗಿಂತ ನಾಲ್ಕು ಬೆರಳು ಕೆಳಗಿರಲಿ. ಒಂದೇ ಜಾಗದಲ್ಲಿ ಮಡಚಬೇಡಿ. ಬಿಲ್ಲಿನ ಹಾಗೆ ಉದ್ದಕ್ಕೂ ಬಾಗಬೇಕು. ಬೆರಳುಗಳನ್ನು ಕೆಳಗಿನಿಂದ ಮೇಲಕ್ಕೆ ಸರಿಸುತ್ತಾ, ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಹೋದರೆ ಕಾಂಡ ಎಲ್ಲಿ ಒಪ್ಪುತ್ತದೆ, ಎಲ್ಲಿ ಒಪ್ಪುವುದಿಲ್ಲ ಅಂತ ಬೆರಳಿಗೇ ಗೊತ್ತಾಗುತ್ತದೆ. ಬಿಗಿ ಅನಿಸಿದ ಕಡೆ ನಿಲ್ಲಿಸಿ. ಮೊದಲ ದಿನ 45 ಡಿಗ್ರಿ ಬಾಗಿದರೆ ಬೇಕಾದಷ್ಟಾಯಿತು. ಪೂರ್ತಿ ಮಲಗಿಸುವ ಆಸೆ ಇದ್ದರೂ ತಡೆದುಕೊಳ್ಳಿ, ಎರಡು ಮೂರು ದಿನ ಬಿಟ್ಟು ಅದೇ ದಾರವನ್ನು ಇನ್ನಷ್ಟು ಎಳೆದು ಕಟ್ಟಬಹುದು.

ಗಂಟು ಇಂಗ್ಲಿಷಿನ ಎಂಟರ ಆಕಾರದಲ್ಲಿರಲಿ. ಒಂದು ಕುಣಿಕೆಯಲ್ಲಿ ಕಾಂಡ, ನಡುವೆ ಪಟ್ಟಿ ಒಂದರ ಮೇಲೊಂದು ದಾಟಬೇಕು, ಇನ್ನೊಂದು ಕುಣಿಕೆ ಅಂಚಿನ ಕ್ಲಿಪ್ಪಿಗೆ. ಕಾಂಡದ ಕಡೆಯ ಕುಣಿಕೆಯೊಳಗೆ ಕಾಂಡದ ಜೊತೆ ಒಂದು ಪೆನ್ಸಿಲ್ ಸಲೀಸಾಗಿ ತೂರಬೇಕು. ಅಷ್ಟು ಜಾಗ ಬಿಡುವುದು ಮುಂದಿನ ಮೂರು ವಾರದಲ್ಲಿ ಕಾಂಡ ದಪ್ಪ ಆಗುವುದಕ್ಕೆ. ಗಂಟು ಎಳೆದರೆ ಬಿಚ್ಚುವ ಜಾರುಗಂಟು ಆಗಿರಲಿ, ಅದು ಕುಂಡದ ಅಂಚಿನ ಕಡೆಗೇ ಇರಲಿ. ಎಲೆಗಳ ನಡುವೆ ಗಂಟು ಹಾಕಿದರೆ ಬಿಚ್ಚುವಾಗ ಎರಡು ಚಿಗುರಾದರೂ ಕಿತ್ತು ಕೈಗೆ ಬರುತ್ತವೆ.

ಎಲೆ ಕೀಳಬೇಡಿ. ಮೊಗ್ಗಿನ ಮೇಲೆ ನೆರಳು ಬೀಳುವ ದೊಡ್ಡ ಎಲೆಯನ್ನು ಪಕ್ಕದ ದಾರದ ಕೆಳಗೆ ತೂರಿಸಿ ಬಿಡಿ, ಸಾಕು. ಮಲಗಿದ ಕಾಂಡ ಮಣ್ಣಿಗೆ ತಾಗದೆ ಮೂರು ನಾಲ್ಕು ಬೆರಳು ಮೇಲಿರಲಿ, ತಾಗಿದರೆ ಒದ್ದೆ ಮಣ್ಣಲ್ಲಿ ಕೊಳೆಯುತ್ತದೆ.

ಮುಂದೆ ಏನಾಗುತ್ತದೆ

ಸಂಜೆ ಕಟ್ಟಿ ಬೆಳಿಗ್ಗೆ ನೋಡಿದರೆ ಕುಡಿ ಹಾವಿನ ಹೆಡೆಯ ಹಾಗೆ ತಲೆ ಎತ್ತಿರುತ್ತದೆ. ಕಟ್ಟು ಕೆಲಸ ಮಾಡಲಿಲ್ಲ ಅಂದುಕೊಳ್ಳಬೇಡಿ. ಕಾಂಡದ ಒಳಗಿನ ಕೆಲವು ಜೀವಕೋಶಗಳಲ್ಲಿ ಪಿಷ್ಟದ ಕಣಗಳಿರುತ್ತವೆ, ಮಲಗಿಸಿದಾಗ ಅವು ಕೆಳಬದಿಗೆ ಜಾರಿ ಕೂರುತ್ತವೆ, ಗಿಡಕ್ಕೆ ಮೇಲು ಯಾವುದು ಕೆಳಗು ಯಾವುದು ಅಂತ ತಿಳಿಯುವುದೇ ಹಾಗೆ. ಆಕ್ಸಿನ್ ಕೆಳಬದಿಗೆ ಹೆಚ್ಚು ಸೇರಿ ಆ ಬದಿ ಬೇಗ ಉದ್ದವಾಗುತ್ತದೆ, ಕುಡಿ ಮೇಲಕ್ಕೆ ತಿರುಗುತ್ತದೆ. ತಿರುಗಲಿ ಬಿಡಿ. ನಾಲ್ಕಾರು ದಿನಕ್ಕೊಮ್ಮೆ ಎದ್ದ ತುದಿಯನ್ನು ಕುಂಡದ ಅಂಚಿನ ಗುಂಟ ಸುತ್ತಲೂ ಮುಂದಕ್ಕೆ ಕಟ್ಟುತ್ತಾ ಹೋಗಿ.

ಒಂದು ವಾರ, ಹೆಚ್ಚೆಂದರೆ ಹತ್ತು ಹನ್ನೆರಡು ದಿನದೊಳಗೆ ಎಲೆಯ ಕಂಕುಳಲ್ಲಿ ಹಸಿರು ಚುಕ್ಕಿಗಳಂತೆ ಚಿಗುರು ಕಾಣುತ್ತವೆ. ಚಳಿ ಇದ್ದರೆ, ಬಿಸಿಲು ಕಡಿಮೆ ಇದ್ದರೆ ಇನ್ನೂ ತಡ. ಇಲ್ಲಿ ಕೈ ತುರಿಸುತ್ತದೆ, ಮುಟ್ಟಬೇಡಿ. ಅವು ಅಂಗೈ ಅಗಲದಷ್ಟು ಉದ್ದ ಆಗುವವರೆಗೆ ಬಿಡಿ. ಆಮೇಲೆ ಒಂದೊಂದನ್ನೂ ಗಾಡಿ ಚಕ್ರದ ಕಡ್ಡಿಗಳ ಹಾಗೆ ಹೊರಗಡೆಗೆ ಹರಡಿ, ಪೇಪರ್ ಕ್ಲಿಪ್ ಮೊಳೆಗೋ ಅಂಚಿಗೋ ಸಡಿಲವಾಗಿ ಕಟ್ಟಿ. ಎಲ್ಲ ಕವಲುಗಳ ತುದಿ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರಬೇಕು. ಯಾವುದಾದರೂ ಒಂದು ಉಳಿದವುಗಳಿಗಿಂತ ಎತ್ತರಕ್ಕೆ ಎದ್ದರೆ ಅದೇ ಹೊಸ ಯಜಮಾನ, ಅದನ್ನು ಇನ್ನೊಂದಿಷ್ಟು ಬಗ್ಗಿಸಿ. ಕುಂಡ ಒಂದೇ ಕಡೆಯ ಬೆಳಕಿನಲ್ಲಿದ್ದರೆ ಎರಡು ದಿನಕ್ಕೊಮ್ಮೆ ಕಾಲು ಸುತ್ತು ತಿರುಗಿಸಿ.

ಹೂ ಮೊಗ್ಗು ಜೋರಾಗಿ ಬರಲು ಶುರುವಾದ ಮೇಲೆ ಹೊಸದಾಗಿ ಬಗ್ಗಿಸುವ ಕೆಲಸ ನಿಲ್ಲಿಸಿ. ಆ ಹೊತ್ತಿಗೆ ಕಾಂಡವೂ ಗಟ್ಟಿಯಾಗಿರುತ್ತದೆ, ಅಲ್ಲಾಡಿಸಿದರೆ ಹೂವೂ ಉದುರುತ್ತದೆ. ಮೊದಲ ಕಾಯಿ ಒಂದೆರಡು ವಾರ ತಡವಾಗಬಹುದು, ಆತುರ ಇರುವವರಿಗೆ ಈ ಕೆಲಸ ಆಗಿಬರಲ್ಲ.

ಮುರಿದರೆ

ಗಾಬರಿ ಬೇಡ. ಸೀಳಿದ್ದರೂ ಒಂದು ಬದಿಯ ಸಿಪ್ಪೆ ಕೂಡಿಕೊಂಡಿದ್ದರೆ ಬದುಕುವ ಸಾಧ್ಯತೆ ಚೆನ್ನಾಗಿದೆ. ತಡಮಾಡದೆ, ಗಾಯ ಒಣಗುವ ಮೊದಲೇ ಎರಡು ತುದಿ ಸರಿಯಾಗಿ ಕೂಡಿಸಿ, ಪಕ್ಕಕ್ಕೆ ಐಸ್‌ಕ್ರೀಮ್ ಕಡ್ಡಿ ಇಟ್ಟು, ಇನ್ಸುಲೇಷನ್ ಟೇಪಿನಿಂದ ಸುತ್ತಿ. ಟೇಪ್ ಹಿಗ್ಗುವಂಥದ್ದಾದರೆ ಒಳ್ಳೆಯದು. ಮೇಲಿನ ಭಾರ ಗಾಯದ ಮೇಲೆ ಬೀಳದಂತೆ ಒಂದು ಕೋಲು ಊರಿ ಆಸರೆ ಕೊಡಿ, ಎರಡು ದಿನ ಕಡುಬಿಸಿಲಿಂದ ಸರಿಸಿ ಇಡಿ. ಸುಮಾರು ಎರಡು ವಾರದಲ್ಲಿ ಅಲ್ಲಿ ಗಂಟಿನ ಹಾಗೆ ಊದಿ ಕೂಡಿಕೊಳ್ಳುತ್ತದೆ. ಪೂರ್ತಿ ತುಂಡಾಗಿ ಕೈಗೆ ಬಂತಾ? ಹಾಗಾದರೆ ಕುಡಿ ಚಿವುಟಿದಂತಾಯಿತು, ಕೆಳಗಿನ ಮೊಗ್ಗುಗಳೇ ಏಳುತ್ತವೆ. ಒಟ್ಟಿನಲ್ಲಿ ಪೊದೆಯೇ ಬೇಕಿತ್ತು ತಾನೆ.

ಮೆಣಸಿನಲ್ಲಿ ಜಾಸ್ತಿ ಸೀಳುವ ಜಾಗ ಅಂದರೆ ಎರಡು ಕವಲು ಕೂಡುವ ಸಂದು. ಕವಲನ್ನು ಹೊರಕ್ಕೆ ಎಳೆಯುವಾಗ ಇನ್ನೊಂದು ಕೈಯಲ್ಲಿ ಆ ಸಂದನ್ನು ಹಿಡಿದುಕೊಂಡೇ ಎಳೆಯಿರಿ.

ಇದೇ ರೀತಿ ಬದನೆಗೂ ಮಾಡಬಹುದು. ಎತ್ತರಕ್ಕೆ ಬೆಳೆಯುತ್ತಲೇ ಹೋಗುವ ಟೊಮ್ಯಾಟೊ ತಳಿಗಳ ಕಾಂಡ ಮೆಣಸಿಗಿಂತ ಚೆನ್ನಾಗಿ ಬಗ್ಗುತ್ತದೆ, ಆದರೆ ಕವಲು ಎಷ್ಟು ಬರುತ್ತವೆ ಅಂದರೆ ಕೊನೆಗೆ ನೀವೇ ಕೆಲವನ್ನು ಕಿತ್ತು ಹಾಕಬೇಕಾಗುತ್ತದೆ. ಗಿಡ್ಡ ತಳಿಯ ಟೊಮ್ಯಾಟೊಗೆ ಇದರ ಅಗತ್ಯವೇ ಇಲ್ಲ. ಜೋಳ, ಸೂರ್ಯಕಾಂತಿಯಂತೆ ಒಂದೇ ಕಾಂಡದಲ್ಲಿ ಕೆಲಸ ಮುಗಿಸುವ ಗಿಡಗಳಿಗಂತೂ ಮಾಡಲೇಬೇಡಿ.

ಬಿಚ್ಚುವುದು

ಒಮ್ಮೆ ಮೂರು ವಾರ ಮನೆ ಬಿಟ್ಟು ಹೋಗಬೇಕಾಯಿತು. ಹೋಗುವ ಮುಂಚೆ ಅವಸರದಲ್ಲಿ ಕೈಗೆ ಸಿಕ್ಕ ನೈಲಾನ್ ದಾರದಿಂದ ಮೂರು ಗಿಡ ಕಟ್ಟಿದ್ದೆ. ನೀರು ಹಾಕಲು ಜನ ಇದ್ದರು, ದಾರ ನೋಡಲು ಯಾರಿಗೂ ಹೇಳಿರಲಿಲ್ಲ. ವಾಪಸ್ ಬಂದಾಗ ಗಿಡಗಳು ಸೊಗಸಾಗಿಯೇ ಕಂಡವು. ಬಗ್ಗಿ ನೋಡಿದರೆ ದಾರವೇ ಇಲ್ಲ. ಕಾಂಡ ಎರಡು ಕಡೆಯಿಂದ ಉಬ್ಬಿ ಅದನ್ನು ನುಂಗಿತ್ತು, ಸಣ್ಣ ಸೀಳಿನ ಒಳಗೆ ನೀಲಿ ಎಳೆ ಒಂದಿಷ್ಟು ಇಣುಕುತ್ತಿತ್ತು. ಕಟ್ಟಿನ ಮೇಲಿನ ಭಾಗ ದಪ್ಪ, ಕೆಳಗಿನದು ಸಣ್ಣ. ಎಲೆಯಲ್ಲಿ ತಯಾರಾದ ಸಕ್ಕರೆ ಸಿಪ್ಪೆಯ ಒಳಪದರದ ಮೂಲಕ ಬೇರಿಗೆ ಇಳಿಯುವುದು, ದಾರ ಆ ದಾರಿಯನ್ನೇ ಅಮುಕಿ ಮುಚ್ಚಿತ್ತು. ಮೇಲೆ ತುಂಬಿಕೊಂಡು ಊದಿದೆ, ಕೆಳಗೆ ಬೇರಿಗೆ ಊಟ ಇಲ್ಲ. ಎರಡು ಗಿಡ ಮುಂದಿನ ಗಾಳಿಗೆ ಅದೇ ಜಾಗದಲ್ಲಿ ಮುರಿದವು.

ಅಂದಿನಿಂದ ವಾರಕ್ಕೊಮ್ಮೆ ಎಲ್ಲ ಕಟ್ಟನ್ನೂ ಬೆರಳಲ್ಲಿ ಜಾರಿಸಿ ನೋಡುತ್ತೇನೆ. ಕಾಂಡದ ಮೇಲೆ ಸರಿದಾಡಿದರೆ ಸರಿ. ಸರಿಯದಿದ್ದರೆ ಅವತ್ತೇ ಬಿಚ್ಚಿ, ಅರ್ಧ ಬೆರಳು ಆಚೆಗೆ ಸಡಿಲವಾಗಿ ಕಟ್ಟುತ್ತೇನೆ. ಮೂರ್ನಾಲ್ಕು ವಾರ ಕಳೆದ ಮೇಲೆ ಒಂದು ದಾರ ಮಾತ್ರ ಬಿಚ್ಚಿ ಒಂದು ರಾತ್ರಿ ಬಿಟ್ಟು ನೋಡಿ. ಕಾಂಡ ಅಲ್ಲೇ ನಿಂತಿದ್ದರೆ ನಾರು ಗಟ್ಟಿಯಾಗಿದೆ, ಆ ಕಟ್ಟಿನ ಕೆಲಸ ಮುಗಿಯಿತು. ಮೇಲೆದ್ದರೆ ಇನ್ನೊಂದು ವಾರ. ಬುಡದ ಕಟ್ಟನ್ನು ಕೊನೆಗೆ ಬಿಚ್ಚಿ. ಕಾಯಿ ತುಂಬಿ ಕವಲು ಜೋಲುತ್ತಿದ್ದರೆ ಬಿಚ್ಚಿದ ಅದೇ ಬಟ್ಟೆ ಪಟ್ಟಿಯನ್ನು ಕೋಲಿಗೆ ಕಟ್ಟಿ ಉಯ್ಯಾಲೆಯ ಹಾಗೆ ಆಸರೆ ಕೊಡಬಹುದು.

ಪೇಪರ್ ಕ್ಲಿಪ್ ಮೊಳೆಗಳನ್ನು ಮಾತ್ರ ಚುಚ್ಚುವಾಗಲೇ ಎಣಿಸಿಟ್ಟುಕೊಂಡು, ಅಷ್ಟನ್ನೂ ಎಣಿಸಿ ತೆಗೆಯಿರಿ. ಒಂದು ಉಳಿದರೂ ಮುಂದಿನ ಸಲ ಮಣ್ಣು ಕಲಸುವಾಗ ತುಕ್ಕು ಹಿಡಿದು ಉಗುರಿನ ಸಂದಿಗೇ ಚುಚ್ಚುತ್ತದೆ.